ಕಿತ್ತುಕೊಂಡ ಕಿರೀಟ: ಕುಲ್ ಮತ್ತು ಕೋನನ್ ಅರಸರಾದ ಮೇಲೆ

1932ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಓದುಗರು ಕೋನನ್ ಎಂಬ ಯೋಧನನ್ನು ಮೊದಲ ಸಲ ಕಂಡರು. ಇಂದು ಆ ಹೆಸರು ಹೇಳಿದರೆ ಕತ್ತಿ ಹಿರಿದು ನಿಂತ ಕಟ್ಟುಮಸ್ತಾದ ಕಾಡು ಮನುಷ್ಯ ಕಣ್ಣಿಗೆ ಬರುತ್ತಾನೆ. ಅಂದು ಅವನ ಕೈಯಲ್ಲಿದ್ದದ್ದು ಬಂಗಾರದ ಲೇಖನಿ. ಅಕ್ವಿಲೋನಿಯಾ ಎಂಬ ಕಲ್ಪಿತ ದೇಶದ ದೊರೆಯಾಗಿ ಅವನು ಮೇಜಿನ ಮುಂದೆ ಕುಳಿತು, ತಿಣುಕುತ್ತಾ ನಕ್ಷೆ ಬರೆಯುತ್ತಿದ್ದ. ಅರಮನೆಯ ನಕ್ಷೆಗಳಲ್ಲಿ ದಕ್ಷಿಣ, ಪೂರ್ವ, ಪಶ್ಚಿಮದ ನಾಡುಗಳೆಲ್ಲ ಸರಿಯಾಗಿದ್ದವು. ಉತ್ತರದ ನಾಡುಗಳು ಮಾತ್ರ ಮಸುಕು ಮಸುಕು, ತಪ್ಪು ತಪ್ಪು. ದೊರೆ ಹುಟ್ಟಿದ್ದು ಆ ಉತ್ತರದಲ್ಲೇ. ತನ್ನ ಊರಿನ ಬೆಟ್ಟ ಕಣಿವೆಗಳನ್ನು ತನ್ನ ಆಸ್ಥಾನದ ನಕ್ಷೆಗೆ ತಾನೇ ಸೇರಿಸಬೇಕಾದ ಅರಸ ಅವನು.

ಆಗ ಅವನು ಗೆಳೆಯ ಪ್ರಾಸ್ಪೆರೊಗೆ ಹೇಳುವ ಮಾತಿನ ತಾತ್ಪರ್ಯ ಇಷ್ಟು: ಹಳೆಯ ದೊರೆ ನ್ಯೂಮೆಡಿಡೀಸ್ ಸತ್ತು ಕಾಲಬುಡದಲ್ಲಿ ಬಿದ್ದಾಗ, ಅವನ ತಲೆಯ ಮೇಲಿನ ಕಿರೀಟ ಕಿತ್ತು ನನ್ನ ತಲೆಗಿಟ್ಟುಕೊಂಡಾಗ, ನನ್ನ ಕನಸು ಅಲ್ಲಿಗೆ ಮುಗಿದುಹೋಯಿತು. ಕಿರೀಟ ಹಿಡಿಯಲು ತಯಾರಾಗಿದ್ದೆ, ಹಿಡಿದುಕೊಂಡಿರಲು ತಯಾರಾಗಿರಲಿಲ್ಲ.

ಬಂಡಾಯವೆದ್ದು ಗದ್ದುಗೆ ಗೆದ್ದ ಯೋಧರ ಕಲ್ಪಿತ ಕಥೆಗಳು ಎಷ್ಟೋ ಇವೆ. ಅವುಗಳಲ್ಲಿ ಬಹುಪಾಲು ಪಟ್ಟಾಭಿಷೇಕದಲ್ಲಿ ಮುಗಿಯುತ್ತವೆ. ಕೋನನ್‌ನನ್ನು ಸೃಷ್ಟಿಸಿದ ರಾಬರ್ಟ್ ಇ. ಹೊವಾರ್ಡ್ ಅವನ ಮೊದಲ ಕಥೆಯನ್ನು ಪಟ್ಟಾಭಿಷೇಕ ಮುಗಿದ ಮೇಲೆ ಆರಂಭಿಸಿದ. ಅಕ್ವಿಲೋನಿಯಾದ ಬಂಡಾಯವನ್ನು ಅವನು ಒಂದು ಪೂರ್ಣ ಕಥೆಯಾಗಿ ಬರೆಯಲೇ ಇಲ್ಲ. ಅರ್ಧಕ್ಕೆ ನಿಂತ ಒಂದು ಕರಡಿನಲ್ಲಿ ಆ ಅಂತರ್ಯುದ್ಧ ದೂರದ ಗಡಿನಾಡಿಗೆ ಸುದ್ದಿಯಾಗಿ ಮುಟ್ಟುತ್ತದೆ, ಅಷ್ಟೇ. ಪೂರ್ಣಗೊಂಡ ಕಥೆಗಳಲ್ಲಿ ಅದು ಒಂದೆರಡು ಸಾಲಿನ ನೆನಪು. ಅವನ ಕುತೂಹಲವಿದ್ದದ್ದು ಬೇರೊಂದು ಪ್ರಶ್ನೆಯಲ್ಲಿ: ಹುಟ್ಟಿನಿಂದ ಬಾರದ, ಯಾರೂ ಕರೆದು ಕೊಡದ ಅಧಿಕಾರ ಯಾವುದರ ಮೇಲೆ ನಿಲ್ಲುತ್ತದೆ? ನನ್ನ ಓದಿನಲ್ಲಿ ಈ ಕಥೆಗಳು ಹಳತಾಗದೆ ಉಳಿದಿರುವುದು ಈ ಪ್ರಶ್ನೆಯಿಂದ. ಅದನ್ನು ಬಿಡಿಸಿ ನೋಡಲು ಕೋನನ್‌ಗಿಂತ ಮೊದಲು ಹುಟ್ಟಿದ ಇನ್ನೊಬ್ಬ ಅರಸನಿಂದ ಹೊರಡಬೇಕು.

ಹೊರಗಿನವನ ಬಲ

ಆ ಅರಸನ ಹೆಸರು ಕುಲ್. ಟೆಕ್ಸಾಸ್‌ನ ಹೊವಾರ್ಡ್ 1906ರಲ್ಲಿ ಹುಟ್ಟಿ, 1936ರಲ್ಲಿ ಮೂವತ್ತನೆಯ ವಯಸ್ಸಿಗೇ ತೀರಿಕೊಂಡವನು. ಕುಲ್‌ನ ಮೊದಲ ಕಥೆ ಅಚ್ಚಾದದ್ದು 1929ರ ಆಗಸ್ಟ್‌ನಲ್ಲಿ. ಕುಲ್ ಮತ್ತು ಕೋನನ್ ಒಂದೇ ಕಲ್ಪಿತ ಭೂತಕಾಲದವರು. ಕುಲ್‌ನ ಕಾಲ ಮೊದಲನೆಯದು. ಆಮೇಲೆ ಅಟ್ಲಾಂಟಿಸ್ ಎಂಬ ಖಂಡ ಸಮುದ್ರದಲ್ಲಿ ಮುಳುಗುತ್ತದೆ, ಸಾವಿರಾರು ವರ್ಷ ಉರುಳುತ್ತವೆ, ಬಳಿಕ ಕೋನನ್‌ನ ಯುಗ.

ಕುಲ್ ಅಟ್ಲಾಂಟಿಸ್‌ನ ಕಾಡು ಕುಲವೊಂದು ಸಾಕಿದ ಅನಾಥ. ಕುಲದವರು ಒಬ್ಬ ಹುಡುಗಿಯನ್ನು ಕಂಬಕ್ಕೆ ಕಟ್ಟಿ ಸುಡಲು ಹೊರಟಾಗ, ಅವಳಿಗೆ ಉರಿಯ ಯಾತನೆ ತಪ್ಪಲೆಂದು ಇವನು ದೂರದಿಂದ ಕಠಾರಿ ಎಸೆದು ಕೊಲ್ಲುತ್ತಾನೆ. ಕುಲಕ್ಕೆ ಅದು ದ್ರೋಹ. ಓಡಿದವನು ಹಡಗಿನಲ್ಲಿ ಹುಟ್ಟು ಹಾಕುವ ಗುಲಾಮನಾಗುತ್ತಾನೆ, ಬೆಟ್ಟಗಳಲ್ಲಿ ದರೋಡೆಕೋರನಾಗುತ್ತಾನೆ, ಅಖಾಡದಲ್ಲಿ ಕಾದಾಡುತ್ತಾನೆ, ವಲೂಸಿಯಾ ಎಂಬ ಪುರಾತನ ರಾಜ್ಯದ ಸೈನಿಕನಾಗಿ, ಸೇನಾನಿಯಾಗಿ ಮೇಲೇರುತ್ತಾನೆ. ಕೊನೆಗೆ ದಂಗೆಯ ಮುಂದಾಳಾಗಿ ಬೋರ್ನಾ ಎಂಬ ದೊರೆಯನ್ನು ಕೊಂದು ಸಿಂಹಾಸನವೇರುತ್ತಾನೆ.

ಕೋನನ್‌ನ ದಾರಿಯೂ ಹೆಚ್ಚು ಬೇರೆಯಲ್ಲ. ಸಿಮ್ಮೇರಿಯಾದ ಬೆಟ್ಟನಾಡಿನವನು, ಕಳ್ಳ, ಕಡಲುಗಳ್ಳ, ಬಾಡಿಗೆ ಸೈನಿಕ. ಹೊವಾರ್ಡ್ 1936ರ ಒಂದು ಪತ್ರದಲ್ಲಿ ಬರೆದಂತೆ, ಅಕ್ವಿಲೋನಿಯಾದ ಕಿರೀಟ ಹಿಡಿದಾಗ ಅವನಿಗೆ ಸುಮಾರು 40 ವರ್ಷ.

ಇಂಥವರ ದಂಗೆ ಗೆಲ್ಲುವುದು ಹೇಗೆ? ತೋಳ್ಬಲದಿಂದ ಎಂದು ಹೇಳಿಬಿಡುವುದು ಸುಲಭ. ಆದರೆ ಕಥೆಗಳೊಳಗೆ ಚದುರಿರುವ ಸುಳಿವುಗಳನ್ನು ಒಟ್ಟು ಮಾಡಿದರೆ ಬೇರೆ ಚಿತ್ರ ಮೂಡುತ್ತದೆ. ಗದ್ದುಗೆಯ ಮೇಲೆ ಹಳೆಯ ವಂಶದ ಕೆಟ್ಟ ದೊರೆ. ಸಾಮಂತರು ಒಬ್ಬರ ಮೇಲೊಬ್ಬರು ಏರಿ ಹೋಗುತ್ತಿದ್ದಾರೆ. ತೆರಿಗೆಯ ಹೊರೆಗೆ ಜನ ನಲುಗಿದ್ದಾರೆ. ಸಾಮಂತರಲ್ಲಿ ಯಾವನೊಬ್ಬ ದೊರೆಯಾಗಲು ಹೊರಟರೂ ಉಳಿದವರು ಒಪ್ಪುವುದಿಲ್ಲ, ಅವನ ಮನೆತನ ಎಲ್ಲಿ ಮೇಲಾಗಿಬಿಡುತ್ತದೋ ಎಂಬ ಹೊಟ್ಟೆಕಿಚ್ಚು. ಪರದೇಶಿ ಸೇನಾನಿಗೆ ಆ ತೊಡಕಿಲ್ಲ. ಅವನಿಗೆ ಅಣ್ಣತಮ್ಮಂದಿರಿಲ್ಲ, ಜಹಗೀರಿಲ್ಲ, ತಲೆಮಾರಿನ ಹಗೆಯಿಲ್ಲ. ಯಾರ ಕಡೆಯವನೂ ಅಲ್ಲದ್ದರಿಂದ ಎಲ್ಲರೂ ಅವನ ಹಿಂದೆ ನಿಲ್ಲಬಹುದು. ದಂಗೆಯ ಹೊತ್ತಿನಲ್ಲಿ ಹೊರಗಿನವನಾಗಿರುವುದು ದೊಡ್ಡ ಬಲ.

ಕಿರೀಟ ತಲೆಗೇರಿದ ಮರುದಿನದಿಂದ ಅದೇ ಅವನ ದೊಡ್ಡ ಕೊರತೆ. ಯಾರ ಕಡೆಯವನೂ ಅಲ್ಲ ಎಂದರೆ ಅವನ ಕಡೆಗೂ ಯಾರಿಲ್ಲ. ಕುಲ್‌ನ ಮೊದಲ ಕಥೆ ಆರಂಭವಾಗುವುದೇ ಈ ಬಿರುಕಿನಲ್ಲಿ. ತುತ್ತೂರಿಗಳು ಮೊಳಗುತ್ತವೆ, ಸೇನೆ ರಾಜಧಾನಿಯ ಬೀದಿಯಲ್ಲಿ ಸಾಗುತ್ತದೆ, ಜನ ಅವನ ಹೆಸರು ಕೂಗುತ್ತಾರೆ. ಆ ಜಯಘೋಷದ ಅಡಿಯಲ್ಲೇ ಇನ್ನೊಂದು ಪಿಸುಮಾತು ಹರಿದಾಡುತ್ತದೆ: ಸಿಂಹಾಸನ ಕದ್ದವನು, ಕಾಡಿನವನು, ವಲೂಸಿಯಾಕ್ಕೆ ಇದು ನಾಚಿಕೆಗೇಡು. ಕುಲ್‌ನ ಕಿವಿಗೆ ಎರಡೂ ಬೀಳುತ್ತವೆ.

ಅದೇ ಕಥೆಯಲ್ಲಿ ಮನುಷ್ಯರೂಪ ತಾಳಬಲ್ಲ ಹಾವುಜನ ಬರುತ್ತಾರೆ. ಮಂತ್ರಿಯ ಮುಖ, ಕಾವಲುಗಾರನ ಮುಖ, ಒಳಗೆ ಹಾವು. ‘ಕಾ ನಾಮ ಕಾ ಲಜೆರಾಮ’ ಎಂಬ ಪುರಾತನ ಮಾತನ್ನು ಅವರ ದವಡೆಗಳು ಉಚ್ಚರಿಸಲಾರವು; ಮನುಷ್ಯನನ್ನು ಗುರುತಿಸಲು ಅದೊಂದೇ ಪರೀಕ್ಷೆ. ಕಥೆಯ ಕೊನೆಯ ಭಾಗದಲ್ಲಿ ಕುಲ್ ತನ್ನ ಸಭಾಂಗಣಕ್ಕೆ ನುಗ್ಗುತ್ತಾನೆ. ಸಿಂಹಾಸನದ ಮೇಲೆ ಕುಲ್ ಕುಳಿತಿದ್ದಾನೆ! ಅದೇ ಮುಖ, ಅದೇ ನಿಲುವು. ಸಭೆಗೆ ಯಾವ ಅನುಮಾನವೂ ಬಂದಿಲ್ಲ. ಇದನ್ನು ಬರಿಯ ಭಯದ ದೃಶ್ಯವೆಂದು ದಾಟಿ ಹೋಗಬಾರದು. ಬಂಡಾಯದಿಂದ ಬಂದ ಅರಸನಿಗೆ ವಂಶಾವಳಿಯ ಸಾಕ್ಷಿಯಿಲ್ಲ. ಪೀಠದ ಮೇಲೆ ಕುಳಿತಿರುವುದು ಮಾತ್ರವೇ ಅವನ ಅರಸುತನಕ್ಕೆ ಆಧಾರ. ಹಾಗಾದರೆ ಅವನದೇ ಮುಖ ಹೊತ್ತ ಮತ್ತೊಬ್ಬ ಅಲ್ಲಿ ಕುಳಿತರೆ ಅರಸ ಯಾರು? ಹೊವಾರ್ಡ್ ಪ್ರಶ್ನೆಯನ್ನು ಎದುರಿಗೇ ತಂದು ಕೂರಿಸುತ್ತಾನೆ.

ಕೊಡಲಿ ಮತ್ತು ಶಿಲೆ

ಎರಡನೆಯ ತೊಡಕು ಕಾನೂನಿನದು. ಕುಲ್‌ನ ಇನ್ನೊಂದು ಕಥೆಯಲ್ಲಿ ಸೆನೊ ವಾಲ್ ಡೋರ್ ಎಂಬ ಕುಲೀನ ಯುವಕ ದೊರೆಯ ಮುಂದೆ ಬೇಡಿಕೊಳ್ಳುತ್ತಾನೆ. ಅಲಾ ಎಂಬ ಗುಲಾಮ ಹುಡುಗಿಯನ್ನು ಅವನು ಮದುವೆಯಾಗಬೇಕು. ವಲೂಸಿಯಾದ ಪುರಾತನ ಶಾಸನ ಅದನ್ನು ನಿಷೇಧಿಸಿದೆ. ಮುಖ್ಯ ಮಂತ್ರಿ ಶಾಸನವನ್ನು ಎತ್ತಿ ಹೇಳುತ್ತಾನೆ. ದೊರೆಗೆ ಹುಡುಗನ ಮೇಲೆ ಕನಿಕರವಿದೆ, ಆದರೂ ಇಲ್ಲ ಎನ್ನಬೇಕಾಗುತ್ತದೆ.

ಓದುವವರು ಇಲ್ಲಿ ನಿಲ್ಲಬೇಕು. ದೊರೆಯ ಕತ್ತು ಸೀಳಿ ಪಟ್ಟಕ್ಕೆ ಬಂದವನು ಒಂದು ಮದುವೆಯ ನಿಯಮಕ್ಕೆ ತಲೆಬಾಗುವುದೇಕೆ? ದೊರೆಯನ್ನು ಕೊಂದದ್ದೂ ಕಾನೂನುಬಾಹಿರವೇ ಅಲ್ಲವೇ? ಉತ್ತರ ಅಧಿಕಾರದ ಸ್ವಭಾವದಲ್ಲೇ ಇದೆ. ವಂಶದಿಂದ ಬಂದ ದೊರೆ ಒಂದು ಕಟ್ಟಳೆ ಮುರಿದರೆ ಅವನನ್ನು ಕೆಟ್ಟ ದೊರೆ ಎನ್ನುತ್ತಾರೆ, ದೊರೆಯಲ್ಲ ಎನ್ನುವುದಿಲ್ಲ. ದಂಗೆಯಿಂದ ಬಂದವನು ಅದನ್ನೇ ಮುರಿದರೆ, ನೋಡಿ, ಕಾಡಿನವನ ಬುದ್ಧಿ ಎಲ್ಲಿ ಹೋಗುತ್ತದೆ ಎಂಬ ಮಾತು ಏಳುತ್ತದೆ. ಆದ್ದರಿಂದ ತಾನು ಮಾಡದ, ತನಗೆ ಒಪ್ಪಿಗೆಯಾಗದ ಶಾಸನಗಳನ್ನು ಹುಟ್ಟರಸನಿಗಿಂತ ಹೆಚ್ಚು ನಿಷ್ಠೆಯಿಂದ ಅವನು ಕಾಯಬೇಕು. ಕಾಡಿನಲ್ಲಿ ಅಳುತ್ತಾ ಕುಳಿತ ಅಲಾ ಎದುರಾದಾಗ ಕುಲ್ ಅವಳಿಗೆ ಇದನ್ನೇ ಹೇಳುತ್ತಾನೆ. ಅವಳಿಗೆ ಎದುರಿಗಿರುವವನು ದೊರೆಯೆಂದು ಮೊದಲು ಗೊತ್ತಿಲ್ಲ. ದೊರೆಯೂ ನಿನ್ನ ಹಾಗೆಯೇ ಗುಲಾಮ, ಅವನ ಸಂಕೋಲೆ ಇನ್ನೂ ಭಾರದ್ದು, ಎಂಬ ಅರ್ಥದ ಮಾತು ಅದು. ಹಡಗಿನ ಸಂಕೋಲೆಯ ತೂಕವನ್ನು ಮೈಮೇಲೆ ಹೊತ್ತವನ ಬಾಯಲ್ಲಿ ಇದು ಅಲಂಕಾರದ ಮಾತಾಗಿ ಕೇಳುವುದಿಲ್ಲ.

ಅದೇ ರಾತ್ರಿ ಪಿತೂರಿಗಾರರು ದೊರೆಯ ಮಲಗುವ ಕೋಣೆಗೆ ನುಗ್ಗುತ್ತಾರೆ. ಅವರ ಸಂಚನ್ನು ಕೇಳಿಸಿಕೊಂಡು ಎಚ್ಚರಿಸಲು ಒದ್ದಾಡುವವಳು ಅಲಾ. ಒಂಟಿಯಾಗಿ ಕಾದಾಡಿ ಉಳಿದ ಕುಲ್, ಮೈಯೆಲ್ಲ ರಕ್ತವಾಗಿ ನಿಂತಿದ್ದಾನೆ. ಸುತ್ತ ಹೆಣಗಳು. ಆಗಲೂ ಮಂತ್ರಿಗೆ ಶಾಸನದ್ದೇ ಚಿಂತೆ. ದೊರೆ ಶಾಸನದ ಶಿಲೆಯನ್ನು ತರಿಸುತ್ತಾನೆ, ಕೊಡಲಿ ಎತ್ತಿ ಒಡೆಯುತ್ತಾನೆ. ಚೂರುಗಳು ನೆಲದ ಮೇಲೆ ಚೆಲ್ಲುತ್ತವೆ. ಇಂದಿನಿಂದ ನಾನೇ ಕಾನೂನು, ಈ ಕೊಡಲಿಯಿಂದ ಆಳುತ್ತೇನೆ ಎನ್ನುತ್ತಾನೆ. ಇಬ್ಬರು ಪ್ರೇಮಿಗಳಿಗೆ ಮದುವೆಯ ಹಾದಿ ತೆರೆಯುತ್ತದೆ.

ಹದಿಹರೆಯದ ಓದುಗನಿಗೆ ಇಲ್ಲಿ ಮೈ ನವಿರೇಳುತ್ತದೆ, ನನಗೂ ಎದ್ದಿತ್ತು. ಈಗ ಓದಿದರೆ ಸಂತೋಷದ ಜೊತೆಗೆ ಕಳವಳವೂ ಆಗುತ್ತದೆ. ಅನ್ಯಾಯದ ಕಟ್ಟಳೆಯನ್ನು ಮುರಿದದ್ದು ಸರಿ. ಆದರೆ ನಾಳೆ ಅದೇ ಕೊಡಲಿ ಇನ್ನೊಬ್ಬನ ಕೈಗೆ ಹೋದರೆ ಅವನ ಮಾತೂ ಕಾನೂನೇ. ಕುಲ್ ತನ್ನ ಅಧಿಕಾರದ ಮೇಲಿದ್ದ ಹೊದಿಕೆಯನ್ನು ಸರಿಸಿ ಒಳಗಿದ್ದ ಆಯುಧವನ್ನು ತೋರಿಸಿಬಿಟ್ಟ. ಅದು ಪ್ರಾಮಾಣಿಕತೆ, ನಿಜ. ಸಂಜೆಗೆ ತಣ್ಣಗಾಗುವ ಪ್ರಾಮಾಣಿಕತೆಯಲ್ಲ ಅದು. ನಾಳೆ, ನಾಡಿದ್ದು, ಪ್ರತಿದಿನವೂ ಆ ಕೊಡಲಿಯನ್ನು ಎತ್ತಿಯೇ ಇರಬೇಕಾಗುತ್ತದೆ.

ಅದೇ ಕಥೆ, ಬೇರೆ ಅರಸ

ಆ ಕಥೆಯನ್ನು ಪತ್ರಿಕೆಗಳು ತಿರಸ್ಕರಿಸಿದವು. ಹೊವಾರ್ಡ್ ಬದುಕಿರುವವರೆಗೂ ಅದು ಅಚ್ಚಾಗಲಿಲ್ಲ. ಕೆಲವು ವರ್ಷಗಳ ನಂತರ ಅದನ್ನು ಕೈಗೆತ್ತಿಕೊಂಡು, ಕುಲ್‌ನ ಜಾಗದಲ್ಲಿ ಕೋನನ್‌ನನ್ನು ಕೂರಿಸಿ, ತಿದ್ದಿ ಬರೆದ. ಆ ತಿದ್ದಿದ ಕಥೆಯೇ 1932ರಲ್ಲಿ ಬಂದ, ಕೋನನ್‌ನ ಮೊದಲ ಕಥೆ. ಪಿತೂರಿ ಅದೇ, ಮಧ್ಯರಾತ್ರಿಯ ದಾಳಿ ಅದೇ, ಕಿರೀಟ ಹಿಡಿದುಕೊಂಡಿರುವ ಕಷ್ಟದ ಮಾತೂ ಅದೇ. ಬದಲಾದದ್ದೇನು ಎಂದು ನೋಡಿದರೆ ಒಬ್ಬ ಲೇಖಕನ ಯೋಚನೆ ಎಲ್ಲಿ ತಿರುಗಿತು ಎಂಬುದು ಸಿಗುತ್ತದೆ.

ಪ್ರೇಮಿಗಳು ಹೋದರು. ಶಾಸನದ ಶಿಲೆ ಹೋಯಿತು. ಥಾಥ್-ಅಮೋನ್ ಎಂಬ ಮಾಂತ್ರಿಕ ಬಂದ, ಅವನು ಕಳುಹಿಸುವ ಪಿಶಾಚಿ ಬಂತು. ಅದ್ಭುತ, ಭಯಾನಕ ಕಥೆಗಳ ಪತ್ರಿಕೆಗೆ ಅದು ಬೇಕಾಗಿತ್ತು. ಆದರೆ ಜೊತೆಗೇ ಬಂದ ಇನ್ನೊಬ್ಬ ನನಗೆ ಮುಖ್ಯನಾಗಿ ಕಾಣುತ್ತಾನೆ. 1,500 ವರ್ಷಗಳ ಹಿಂದೆ ಸತ್ತ ಎಪೆಮಿಟ್ರಿಯಸ್ ಎಂಬ ಜ್ಞಾನಿ ದೊರೆಯ ಕನಸಿಗೆ ಬಂದು, ನಿನ್ನ ಹಣೆಬರಹವೂ ಅಕ್ವಿಲೋನಿಯಾದ ಹಣೆಬರಹವೂ ಒಂದೇ ಎನ್ನುತ್ತಾನೆ. ದೊರೆಯ ಕತ್ತಿಯ ಮೇಲೆ ಫೀನಿಕ್ಸ್ ಹಕ್ಕಿಯ ಗುರುತು ಬರೆಯುತ್ತಾನೆ. ಎಚ್ಚರವಾದಾಗ ಗುರುತು ಕತ್ತಿಯ ಮೇಲೆಯೇ ಇರುತ್ತದೆ. ಕುಲ್ ತನ್ನ ಅಧಿಕಾರವನ್ನು ಶಿಲೆ ಒಡೆದು ತಾನೇ ಸಾರಿಕೊಂಡವನು. ಕೋನನ್‌ಗೆ ನೆಲದ ಪೂರ್ವಿಕನೊಬ್ಬ ಬಂದು ಹೆಗಲು ಕೊಡುತ್ತಾನೆ. ನಾಡು ಹುಟ್ಟಿಸದ ಅರಸನನ್ನು ನಾಡಿನ ಸತ್ತವರು ತಮ್ಮವನೆನ್ನುತ್ತಾರೆ. ಕತ್ತಿಯಿಂದ ಗೆದ್ದದ್ದು ಕತ್ತಿಯೊಂದರಿಂದಲೇ ನಿಲ್ಲುವುದಿಲ್ಲ ಎಂಬ ಅರಿವು ಹೊವಾರ್ಡ್‌ಗೆ ಮೂಡಿತ್ತು ಎಂದು ನಾನು ಓದುತ್ತೇನೆ.

ಬದುಕಿರುವವರು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ನ್ಯೂಮೆಡಿಡೀಸ್‌ನನ್ನು ಉರುಳಿಸಿದ ದಿನ ಕೋನನ್ ವಿಮೋಚಕ. ಕೆಲವು ಕಾಲ ಕಳೆಯುವುದರೊಳಗೆ ಜನ ಅವನ ನೆರಳಿಗೂ ಉಗುಳುತ್ತಿದ್ದಾರೆ. ಸತ್ತ ದೊರೆಯ ಪ್ರತಿಮೆಯನ್ನು ಮಿತ್ರ ಎಂಬ ದೇವರ ಗುಡಿಯಲ್ಲಿ ನಿಲ್ಲಿಸಿದ್ದಾರೆ. ಹೋಗಿ ಅದರ ಮುಂದೆ ಗೋಳಾಡುತ್ತಾರೆ. ಜೀವಂತವಿದ್ದಾಗ ಹಿಂಡಿದವನು ಸತ್ತ ಮೇಲೆ ಪುಣ್ಯವಂತನಾದ. ಇದರಲ್ಲಿ ವಿಚಿತ್ರವೇನೂ ಇಲ್ಲ. ಹಳೆಯ ದೊರೆಯ ತಪ್ಪುಗಳು ಮುಗಿದುಹೋದವು, ಹೊಸಬನ ತಪ್ಪುಗಳು ದಿನದಿನವೂ ಕಣ್ಣೆದುರಿಗಿವೆ. ಮೇಲಾಗಿ ಹೊಸಬ ಪರಕೀಯ.

ಆ ನೆನಪಿಗೆ ದನಿ ಕೊಡುವವನು ರಿನಾಲ್ಡೊ ಎಂಬ ಕವಿ. ಬೀದಿಬೀದಿಯಲ್ಲಿ ಅವನ ಹಾಡುಗಳು ದೊರೆಯನ್ನು ಹಳಿಯುತ್ತವೆ. ಅವನನ್ನು ವಿದೂಷಕನ ಉಡುಪಿನಲ್ಲಿ ನೇಣಿಗೆ ಹಾಕು ಎಂಬಂಥ ಸಲಹೆಗೆ ಕೋನನ್ ಒಪ್ಪುವುದಿಲ್ಲ. ಕವಿ ದೊರೆಗಿಂತ ದೊಡ್ಡವನು, ನಾನು ಸತ್ತು ಮರೆತುಹೋಗುತ್ತೇನೆ, ಅವನ ಹಾಡು ಉಳಿಯುತ್ತದೆ ಎನ್ನುವುದು ಅವನ ನಿಲುವು. ಆ ರಾತ್ರಿ ಕೊಲೆಗಡುಕರ ಗುಂಪಿನಲ್ಲಿ ರಿನಾಲ್ಡೊ ಕಾಣಿಸಿಕೊಂಡಾಗಲೂ ಕೋನನ್ ಹಿಂದೆ ಸರಿಯಲು ಹೇಳುತ್ತಾನೆ, ಹೊಡೆಯಲು ಹಿಂಜರಿಯುತ್ತಾನೆ. ಕವಿಯ ಕಠಾರಿ ಮೈಗಿಳಿಯುತ್ತದೆ. ಬೇರೆ ದಾರಿಯಿಲ್ಲದಾದಾಗ ಮಾತ್ರ ಕೋನನ್ ಅವನನ್ನು ಕೊಲ್ಲುತ್ತಾನೆ.

ಈ ಕವಿ ಒಳ್ಳೆಯವನೋ ಕೆಟ್ಟವನೋ ಎಂದು ಹೇಳಲು ನನಗೆ ಇಂದಿಗೂ ಸಾಧ್ಯವಾಗಿಲ್ಲ. ಪಿತೂರಿಯಲ್ಲಿರುವ ಉಳಿದವರಿಗೆ ಜಹಗೀರು ಬೇಕು, ಪದವಿ ಬೇಕು. ರಿನಾಲ್ಡೊಗೆ ತನಗಾಗಿ ಏನೂ ಬೇಡ. ನಾಡನ್ನು ಬಿಡುಗಡೆ ಮಾಡುತ್ತಿದ್ದೇನೆಂದು ಅವನು ಮನಸಾರೆ ನಂಬಿದ್ದಾನೆ. ಕೆಲ ವರ್ಷಗಳ ಹಿಂದೆ ಕೋನನ್‌ನ ಬೆನ್ನಿಗೆ ನಿಂತವರೂ ಹೀಗೆಯೇ ನಂಬಿದ್ದರಲ್ಲವೇ? ಕೋನನ್ ಎದುರಿಗೆ ಕಾಣುತ್ತಿರುವುದು ತನ್ನದೇ ದಂಗೆಯನ್ನು, ತಿರುಗಿ ಬಂದ ರೂಪದಲ್ಲಿ.

ಹುಟ್ಟು, ತೆರಿಗೆ, ಉತ್ತರಾಧಿಕಾರಿ

ಕೋನನ್ ದೊರೆಯಾಗಿರುವ ಪೂರ್ಣ ಕಥೆಗಳು ಮೂರೇ. ಎರಡನೆಯದು 1933ರ ಜನವರಿಯಲ್ಲಿ ಬಂತು. ನೆರೆಯ ಒಫೀರ್‌ನ ದೊರೆ ನೆರವು ಕೇಳಿದನೆಂದು ಕೋನನ್ 5,000 ಕುದುರೆ ಸವಾರರೊಂದಿಗೆ ಹೋಗುತ್ತಾನೆ. ಅದು ಬಲೆ. ಸವಾರರೆಲ್ಲ ಮಡಿಯುತ್ತಾರೆ, ದೊರೆ ಸೆರೆಯಾಗುತ್ತಾನೆ. ಸೆರೆ ಹಿಡಿದ ದೊರೆಗಳು ಹೇಳುತ್ತಾರೆ: ಪಟ್ಟ ಬಿಟ್ಟುಕೊಟ್ಟೆನೆಂದು ಬರೆದುಕೊಡು, ಹಣ ಕೊಡುತ್ತೇವೆ, ಎಲ್ಲಿ ಬೇಕಾದರೂ ಹೋಗು. ಹುಟ್ಟುಗೆಟ್ಟ ಅಲೆಮಾರಿಗೆ ಇಷ್ಟು ಸಾಕೆಂಬ ಭಾವ ಅದರಲ್ಲಿದೆ.

ಕೋನನ್‌ನ ಉತ್ತರದಲ್ಲಿ ಬಂಡಾಯದ ಪೂರ್ತಿ ವಾದವಿದೆ. ಕಾದಾಡಿದ್ದು, ನೋವುಂಡದ್ದು ನಿಮ್ಮ ಅಪ್ಪಂದಿರು. ನಿಮಗೆ ಕಿರೀಟ ಬಂಗಾರದ ತಟ್ಟೆಯಲ್ಲಿ ಬಂತು. ನಾನು ಬಂದಾಗ ಅಕ್ವಿಲೋನಿಯಾ ಸಾವಿರ ವರ್ಷದ ವಂಶಾವಳಿ ಹೇಳಿಕೊಳ್ಳುವ ಒಬ್ಬ ನೀಚನ ಹಿಡಿತದಲ್ಲಿತ್ತು. ಇಂದು ಯಾವ ಸಾಮಂತನೂ ಬಡ ಪ್ರಜೆಯ ಮೈಮುಟ್ಟಲು ಹೆದರುತ್ತಾನೆ, ತೆರಿಗೆ ಎಲ್ಲ ನಾಡುಗಳಿಗಿಂತ ಹಗುರವಾಗಿದೆ. ನನ್ನ ಜನರನ್ನು ನಾನು ಮಾರುವುದಿಲ್ಲ. ಅಂದರೆ ದೊರೆತನದ ಆಧಾರ ಇಲ್ಲಿ ಮತ್ತೊಮ್ಮೆ ಸರಿಯುತ್ತದೆ: ಕೊಡಲಿಯಿಂದ ಪೂರ್ವಿಕನ ಹರಕೆಗೆ, ಅಲ್ಲಿಂದ ಜನರ ಬದುಕಿಗೆ. ಅವನು ಸತ್ತನೆಂಬ ಸುದ್ದಿ ಹಬ್ಬಿ, ಬೇರೊಬ್ಬ ರಾಜಕುಮಾರ ರಾಜಧಾನಿ ಹಿಡಿದು ಸುಲಿಗೆಗೆ ಇಳಿದಾಗ, ಹಿಂದೆ ಪ್ರತಿಮೆಯ ಮುಂದೆ ಅತ್ತ ಜನಕ್ಕೆ ತಮ್ಮ ದೊರೆ ಯಾರೆಂದು ಗೊತ್ತಾಗುತ್ತದೆ.

ಮೂರನೆಯದು ದೊಡ್ಡ ಕಾದಂಬರಿ, 1935ರ ಡಿಸೆಂಬರ್‌ನಿಂದ 1936ರ ಏಪ್ರಿಲ್‌ವರೆಗೆ ಧಾರಾವಾಹಿಯಾಗಿ ಬಂದದ್ದು. ಇಲ್ಲಿ ಕೋನನ್ ಸೋಲುವುದು ಒಂದು ಇಲ್ಲದಿರುವಿಕೆಯಿಂದ. ಯುದ್ಧದ ದಿನ ಮಾಟದಿಂದ ಅವನ ಕೈಕಾಲು ಆಡುವುದಿಲ್ಲ. ಅವನ ಕವಚ ತೊಟ್ಟ ಮತ್ತೊಬ್ಬ ಮುಂದಾಳಾಗಿ ಹೋಗಿ ಸಾಯುತ್ತಾನೆ. ದೊರೆ ಸತ್ತನೆಂದು ನಾಡು ನಂಬುತ್ತದೆ. ಮಗನಿದ್ದರೆ ಜನ ಆ ಮಗನ ಸುತ್ತ ನಿಲ್ಲುತ್ತಿದ್ದರು ಎಂದು ನಿಷ್ಠನೊಬ್ಬ ನೊಂದು ಹೇಳುತ್ತಾನೆ. ಮಗನಿಲ್ಲ. ಹಾಗಾಗಿ ಹಳೆಯ ವಂಶದ ವಲೇರಿಯಸ್ ಶತ್ರುಸೇನೆಯ ಬೆಂಬಲದಿಂದ ಬಂದಾಗಲೂ ಅನೇಕರು ಒಪ್ಪಿಕೊಳ್ಳುತ್ತಾರೆ. ರಕ್ತಸಂಬಂಧದ ಎಳೆ ಅಷ್ಟು ಗಟ್ಟಿ. ಕೋನನ್‌ಗೆ ಆಗ 44 ಅಥವಾ 45 ವರ್ಷ. ಯಾರನ್ನೂ ವಿಧಿವತ್ತಾಗಿ ರಾಣಿಯಾಗಿ ಮಾಡಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ, ಆದ್ದರಿಂದ ಪಟ್ಟಕ್ಕೆ ಹಕ್ಕಿನ ಮಗನಿರಲಿಲ್ಲ ಎಂದು ಹೊವಾರ್ಡ್ ಅದೇ ಪತ್ರದಲ್ಲಿ ಬರೆದ.

ರಾಜ್ಯವಿಲ್ಲದೆ ಅಲೆಯುವ ಕೋನನ್‌ಗೆ ಅವನ ನಿಷ್ಠ ಸಾಮಂತ ಟ್ರೋಸೆರೊ ಬೇರೆ ನಾಡುಗಳನ್ನು ಗೆದ್ದು ಸಾಮ್ರಾಜ್ಯ ಕಟ್ಟುವ ಮಾತೆತ್ತುತ್ತಾನೆ. ಕೋನನ್‌ಗೆ ಅದು ಬೇಡ. ಸಾಮ್ರಾಜ್ಯದ ಕನಸು ಬೇರೆಯವರು ಕಾಣಲಿ, ನನ್ನದು ನನಗೆ ಸಿಕ್ಕರೆ ಸಾಕು ಎನ್ನುತ್ತಾನೆ. ಮೊದಲ ಕಥೆಯಲ್ಲಿ ಕಿರೀಟ ಹಿಡಿದುಕೊಂಡಿರಲು ತಯಾರಿಲ್ಲ ಎಂದವನೇ ಈಗ ಹಿಡಿದುಕೊಂಡಿರುವುದಕ್ಕಾಗಿಯೇ ಹೋರಾಡುತ್ತಾನೆ.

ಕೊನೆಗೆ ಶತ್ರು ದೊರೆ ಟರಾಸ್ಕಸ್ ಅವನ ಕೈಗೆ ಸೆರೆ ಸಿಗುತ್ತಾನೆ. ಬಿಡುಗಡೆಗೆ ಏನು ಕೊಡಬೇಕು ಎಂಬ ಮಾತು ಬರುತ್ತದೆ. ಕೋನನ್ ಕೇಳುವ ಬಿಡುಗಡೆಯ ಬೆಲೆ ಒಬ್ಬಳು ಹೆಣ್ಣು. ಟರಾಸ್ಕಸ್‌ನ ಅಂತಃಪುರದಲ್ಲಿದ್ದ ಜೆನೋಬಿಯಾ ಎಂಬ ಹುಡುಗಿ ಹಿಂದೆ ಕೋನನ್ ಸೆರೆಯಲ್ಲಿದ್ದಾಗ ಬೀಗದ ಕೈ, ಕಠಾರಿ ತಂದುಕೊಟ್ಟು ಜೀವ ಉಳಿಸಿದ್ದಳು. ಅವಳನ್ನು ಕಳುಹಿಸು, ಅವಳು ಅಕ್ವಿಲೋನಿಯಾದ ರಾಣಿಯಾಗುತ್ತಾಳೆ ಎನ್ನುತ್ತಾನೆ. ಕುಲ್‌ನ ಆಸ್ಥಾನದಲ್ಲಿ ಇಂಥದೊಂದು ಮದುವೆಗೆ ಶಿಲಾಶಾಸನವನ್ನೇ ಒಡೆಯಬೇಕಾಗಿತ್ತು. ಇಲ್ಲಿ ಯಾರೂ ಶಾಸನ ಎತ್ತಿ ಹೇಳುವುದಿಲ್ಲ, ಯಾರೂ ಕೊಡಲಿ ಎತ್ತುವುದಿಲ್ಲ. ಅರಸ ಹೇಳುತ್ತಾನೆ, ಸುತ್ತ ನಿಂತವರು ಕೇಳುತ್ತಾರೆ.